ಹರಳಿನೊಳಗಿನ ಕೊಳೆ: ಕಾಂತ ಮತ್ತು ಸೂಪರ್‌ಕಂಡಕ್ಟರ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಘನವಸ್ತುವಿನೊಳಗೆ ದೋಷ, ಬೆರಕೆ ಇದ್ದರೆ ಅದರ ಕಾಂತತ್ವಕ್ಕೆ ಏನಾಗುತ್ತದೆ? ಸೂಪರ್‌ಕಂಡಕ್ಟಿವಿಟಿಗೆ, ಅಂದರೆ ಕರೆಂಟ್ ಒಂಚೂರೂ ರೋಧವಿಲ್ಲದೆ ಹರಿಯುವ ಗುಣಕ್ಕೆ, ಏನಾಗುತ್ತದೆ? ಮಾತಿಗೆ ಸಿಕ್ಕವರು, ಪತ್ರ ಬರೆದವರು ತಿರುಗಾಮುರುಗಾ ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹಾರಬಹುದು.

### ಈಗಷ್ಟೇ ಶುರು ಮಾಡಿದವರಿಗೆ

ಅವ್ಯವಸ್ಥೆ ಅಂದ್ರೆ ಕಲ್ಮಶ ತಾನೇ? ಬೇರೆ ಏನಾದ್ರೂ ಇದೆಯಾ?

ಕಲ್ಮಶ ಅದರಲ್ಲಿ ಒಂದು ಬಗೆ ಅಷ್ಟೇ. ಹರಳಿನಲ್ಲಿ ಪರಮಾಣುಗಳು ಸಾಲುಸಾಲಾಗಿ ಕೂತ ಜಾಲರಿಯಲ್ಲಿ ಒಂದು ಜಾಗ ಖಾಲಿ ಉಳಿದಿರಬಹುದು. ಪರಮಾಣುಗಳ ಒಂದು ಸಾಲು ಅರ್ಧಕ್ಕೇ ನಿಂತಿರಬಹುದು. ಪುಟ್ಟ ಪುಟ್ಟ ಹರಳುಗಳು ಓರೆಕೋರೆಯಾಗಿ ಅಂಟಿಕೊಂಡಿರಬಹುದು. ಗಾಜಿನ ಹಾಗೆ ಜಾಲರಿಯೇ ಇಲ್ಲದಿರಬಹುದು. ಮಿಶ್ರಲೋಹದಲ್ಲಿ ಎರಡೂ ಬಗೆಯ ಪರಮಾಣುಗಳು ಬೇಕಾದವೇ, ಕೊಳೆ ಅಂತ ಯಾವುದೂ ಇಲ್ಲ. ಆದರೆ ಯಾವ ಜಾಗದಲ್ಲಿ ಯಾವುದು ಕೂತಿದೆ ಅನ್ನುವುದು ಲಾಟರಿ. ಅದೂ ಅವ್ಯವಸ್ಥೆಯೇ.

ಇವೆಲ್ಲ ಹೆಪ್ಪುಗಟ್ಟಿದ ಅವ್ಯವಸ್ಥೆ. ವಸ್ತು ಗಟ್ಟಿಯಾಗುವಾಗ ಯಾವುದು ಎಲ್ಲಿ ನಿಂತಿತೋ ಅಲ್ಲೇ ಉಳಿಯಿತು. ಶಾಖದಿಂದ ಪರಮಾಣುಗಳು ಅಲುಗಾಡುವುದು ಬೇರೆ ಸಂಗತಿ. ತಣ್ಣಗೆ ಮಾಡಿದರೆ ಆ ಅಲುಗಾಟ ಅಡಗುತ್ತದೆ. ಹೆಪ್ಪುಗಟ್ಟಿದ್ದು ಎಷ್ಟು ತಣ್ಣಗೆ ಮಾಡಿದರೂ ಹೋಗುವುದಿಲ್ಲ.

ಸೂಪರ್‌ಕಂಡಕ್ಟರ್‌ನಲ್ಲಿ 'ಕ್ರಮ' ಅಂತೀರಲ್ಲ, ಅಲ್ಲಿ ಸಾಲಾಗಿ ನಿಂತಿರೋದು ಏನು?

ಕಾಂತದಲ್ಲಿ ಇದು ಸುಲಭ. ಪ್ರತಿ ಪರಮಾಣುವಿಗೂ ಸ್ಪಿನ್ ಅನ್ನುವ ಒಂದು ಪುಟ್ಟ ಬಾಣ ಇದೆ ಅಂದುಕೊಳ್ಳಿ. ಎಲ್ಲ ಬಾಣಗಳೂ ಒಂದೇ ಕಡೆ ನೋಡಿದರೆ ಫೆರೋಮ್ಯಾಗ್ನೆಟ್. ಅಕ್ಕಪಕ್ಕದವು ಒಂದಕ್ಕೊಂದು ಎದುರು ದಿಕ್ಕಿಗೆ ನೋಡಿದರೆ ಆಂಟಿಫೆರೋಮ್ಯಾಗ್ನೆಟ್.

ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದ್ದು ಇದನ್ನೇ. ಜೋಡಿ ಕಟ್ಟಿದರೆ ಮಾತ್ರ ಸಾಲದು. ಕ್ವಾಂಟಂ ಅಲೆಗೆ ಏರಿಳಿತ ಇರುತ್ತದಲ್ಲ, ಅದರಲ್ಲಿ ಯಾವ ಹಂತದಲ್ಲಿದ್ದೇವೆ ಅನ್ನುವುದಕ್ಕೆ 'ಫೇಸ್' ಎನ್ನುತ್ತಾರೆ. ಎಲ್ಲ ಜೋಡಿಗಳ ಫೇಸ್ ಒಂದೇ ತಾಳಕ್ಕೆ ಬರಬೇಕು. ಆ ತಾಳವೇ ಇಲ್ಲಿನ ಕ್ರಮ. ಅದನ್ನು ಕೆಡಿಸಲು ಎರಡು ದಾರಿ: ಜೋಡಿ ಒಡೆಯುವುದು, ಇಲ್ಲವೇ ತಾಳ ತಪ್ಪಿಸುವುದು.

ಶುದ್ಧವಾದಷ್ಟೂ ಒಳ್ಳೇದು ಅಲ್ವಾ?

ಯಾವಾಗಲೂ ಅಲ್ಲ. ಬಿಸ್ಮತ್ ನೋಡಿ. ಅದರ ಅಚ್ಚುಕಟ್ಟಾದ ಹರಳು ಸೂಪರ್‌ಕಂಡಕ್ಟರ್ ಆಗುವುದು ಸುಮಾರು 0.5 ಮಿಲಿಕೆಲ್ವಿನ್‌ನಲ್ಲಿ. ಆ ಫಲಿತಾಂಶ ಅಚ್ಚಾದದ್ದೇ 2017ರಲ್ಲಿ. ಅದೇ ಬಿಸ್ಮತ್ ಆವಿಯನ್ನು ಅತಿ ತಣ್ಣಗಿನ ಮೇಲ್ಮೈ ಮೇಲೆ ಕೂರಿಸಿ, ಪರಮಾಣುಗಳು ಬಿದ್ದಲ್ಲೇ ಬಿದ್ದಿರುವಂತೆ ಮಾಡಿದರೆ ಸುಮಾರು 6 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್! ಬುಕೆಲ್ ಮತ್ತು ಹಿಲ್ಷ್ ಇದನ್ನು 1954ರಲ್ಲೇ ತೋರಿಸಿದ್ದರು. ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಕಾರಣ ಇಷ್ಟು: ಬಿಸ್ಮತ್ ಹರಳಿನ ಜೋಡಣೆಯೇ ಹೇಗಿದೆ ಎಂದರೆ ಓಡಾಡುವ ಎಲೆಕ್ಟ್ರಾನ್‌ಗಳು ತೀರಾ ಕಡಿಮೆ. ಜೋಡಣೆ ಕೆಟ್ಟರೆ ಅದು ಸರಿಯಾದ ಲೋಹವಾಗುತ್ತದೆ.

ಇದರ ತದ್ವಿರುದ್ಧ ಉದಾಹರಣೆಗಳೂ ಇವೆ, ಮುಂದೆ ಬರುತ್ತವೆ. ಹಾಗಾಗಿ ಕೊಳೆ ಎಷ್ಟಿದೆ ಅಂತ ಕೇಳುವುದಕ್ಕಿಂತ, ಕ್ರಮ ಯಾವುದರ ಮೇಲೆ ನಿಂತಿದೆ, ಕೊಳೆ ಅದನ್ನು ಮುಟ್ಟುತ್ತದೆಯೇ ಅಂತ ಕೇಳುವುದು ಲೇಸು. ನಾನು ಎಲ್ಲ ಪ್ರಶ್ನೆಗಳನ್ನೂ ಹೀಗೇ ನೋಡುತ್ತೇನೆ.

### ಕಾಂತಗಳ ಬಗ್ಗೆ

ಎಷ್ಟು ಪರಮಾಣು ತೆಗೆದರೆ ಕಾಂತದ ಕ್ರಮ ಕುಸಿಯುತ್ತೆ?

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಉತ್ತರ ಒಂದೇ ವಸ್ತುವಿನಲ್ಲಿದೆ: ಲ್ಯಾಂಥನಂ ತಾಮ್ರದ ಆಕ್ಸೈಡ್. ಅದರಲ್ಲಿ ತಾಮ್ರದ ಪರಮಾಣುಗಳು ಚೌಕಟ್ಟು ಚೌಕಟ್ಟಾಗಿ ಪದರ ಪದರದಲ್ಲಿ ಕೂತಿವೆ. ಸುಮಾರು 325 ಕೆಲ್ವಿನ್‌ಗಿಂತ ಕೆಳಗೆ ಅವುಗಳ ಸ್ಪಿನ್‌ಗಳು ಒಂದು ಮೇಲೆ, ಒಂದು ಕೆಳಗೆ ಎಂಬಂತೆ ಕ್ರಮಕ್ಕೆ ಬರುತ್ತವೆ.

ಈಗ ತಾಮ್ರವನ್ನು ತೆಗೆದು ಅದರ ಜಾಗದಲ್ಲಿ ಸ್ಪಿನ್ ಇಲ್ಲದ ಸತು ಮತ್ತು ಮೆಗ್ನೀಸಿಯಂ ಹಾಕುತ್ತಾ ಹೋಗಿ. ಶೇಕಡಾ 10, 20, 30. ಕ್ರಮ ಸೊರಗುತ್ತದೆ, ಆದರೆ ಸಾಯುವುದಿಲ್ಲ. ಸುಮಾರು ಶೇಕಡಾ 40ರವರೆಗೆ ಅದು ಉಳಿಯುತ್ತದೆ ಅಂತ 2002ರಲ್ಲಿ ಪ್ರಯೋಗ ತೋರಿಸಿತು. ಈ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಚೌಕದ ಜಾಲರಿಯಲ್ಲಿ ಶೇಕಡಾ 59.3ರಷ್ಟು ಜಾಗಗಳು ತುಂಬಿದ್ದರೆ ಮಾತ್ರ ಈ ತುದಿಯಿಂದ ಆ ತುದಿಗೆ ನೆರೆಯವರ ಕೈಹಿಡಿದು ದಾಟಬಹುದು. ಅದಕ್ಕಿಂತ ಕಡಿಮೆಯಾದರೆ ಜಾಲರಿ ತುಂಡು ತುಂಡು. ಅಂದರೆ ದಾರಿ ಇರುವ ತನಕ ಸುದ್ದಿ ದಾಟಿತು.

ಅದೇ ವಸ್ತುವಿನಲ್ಲಿ ತಾಮ್ರವನ್ನು ಮುಟ್ಟಬೇಡಿ. ಪದರದ ಹೊರಗಿರುವ ಲ್ಯಾಂಥನಂ ಜಾಗಕ್ಕೆ ಸ್ಟ್ರಾಂಷಿಯಂ ಹಾಕಿ. ಬರೀ ಶೇಕಡಾ 2ರಷ್ಟಕ್ಕೇ ಆ ಕ್ರಮ ನಿರ್ನಾಮ! ಸ್ಟ್ರಾಂಷಿಯಂ ಪದರದಿಂದ ಒಂದು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಉಳಿದ ಖಾಲಿ ಜಾಗಕ್ಕೆ ಹೋಲ್ ಎನ್ನುತ್ತಾರೆ. ಅದು ಓಡಾಡಿದರೆ ಸ್ಪಿನ್‌ಗಳ ಸಾಲು ಕಲಸಿಹೋಗುತ್ತದೆ. ಒಂದೆಡೆ ಸಿಕ್ಕಿಕೊಂಡರೂ ತೊಂದರೆಯೇ. ಆಕ್ಸಿಜನ್ ಮೇಲೆ ಕೂತು ಅಕ್ಕಪಕ್ಕದ ಎರಡು ತಾಮ್ರದ ಸ್ಪಿನ್‌ಗಳಿಗೆ 'ಎದುರುಬದುರು ಬೇಡ, ಒಂದೇ ಕಡೆ ನೋಡಿ' ಎಂದು ಒತ್ತಾಯಿಸುತ್ತದೆ. ಸತು ಸುಮ್ಮನೆ ಕುರ್ಚಿ ಖಾಲಿ ಮಾಡಿತು, ಹೋಲ್ ಜಗಳ ಹಚ್ಚಿತು. ಹತ್ತಾರು ಖಾಲಿ ಕುರ್ಚಿಗಿಂತ ಒಂದು ಜಗಳಗಂಟ ಜಾಸ್ತಿ ಹಾಳು ಮಾಡುತ್ತಾನೆ. ತಮಾಷೆ ಏನೆಂದರೆ, ಇದೇ ಹೋಲ್‌ಗಳು ಇನ್ನಷ್ಟು ಸೇರಿದರೆ ಇದೇ ವಸ್ತು ಸೂಪರ್‌ಕಂಡಕ್ಟರ್ ಆಗುತ್ತದೆ.

ಹರಳೇ ಇಲ್ಲದ ಲೋಹ ಕಾಂತ ಆಗೋಕೆ ಸಾಧ್ಯನಾ?

ಸಾಧ್ಯ. ಕಬ್ಬಿಣ ಮತ್ತು ಬೋರಾನ್ ಸೇರಿದ ಕರಗಿದ ಲೋಹವನ್ನು ತಿರುಗುವ ತಣ್ಣನೆಯ ಚಕ್ರದ ಮೇಲೆ ಸುರಿದು ಥಟ್ಟನೆ ಗಟ್ಟಿ ಮಾಡಿದರೆ ಗಾಜಿನಂಥ ತೆಳು ಪಟ್ಟಿ ಸಿಗುತ್ತದೆ. ಅದು ಒಳ್ಳೆಯ ಫೆರೋಮ್ಯಾಗ್ನೆಟ್. ನೆರೆಹೊರೆ ಇದ್ದರೆ ಸಾಕು, ಸಾಲು ನೆಟ್ಟಗಿರಬೇಕಾಗಿಲ್ಲ. ಹರಳಿನಲ್ಲಿ ಸ್ಪಿನ್‌ಗಳಿಗೆ ಇಂಥದ್ದೇ ದಿಕ್ಕು ಇಷ್ಟ ಅಂತ ಇರುತ್ತದೆ. ಇಲ್ಲಿ ಆ ಹಟ ಜಾಗಜಾಗಕ್ಕೂ ಬದಲಾಗಿ ಒಟ್ಟಾರೆ ಅಳಿಸಿಹೋಗುತ್ತದೆ. ಹಾಗಾಗಿ ಇದರ ಕಾಂತತ್ವವನ್ನು ಅತ್ತಿಂದಿತ್ತ ತಿರುಗಿಸುವುದು ಸುಲಭ, ನಷ್ಟ ಕಡಿಮೆ. ಟ್ರಾನ್ಸ್‌ಫಾರ್ಮರ್ ತಿರುಳಿಗೆ ಇಂಥ ಪಟ್ಟಿ ಬಳಸುವುದು ಅದಕ್ಕೇ.

ಸ್ಪಿನ್ ಗ್ಲಾಸ್ ಅಂದ್ರೆ ಏನು? ಅದಕ್ಕೆ ನೊಬೆಲ್ ಬೇರೆ ಬಂತಂತೆ!

ಚಿನ್ನದಲ್ಲಿ ಕೆಲವೇ ಶೇಕಡಾ ಕಬ್ಬಿಣ ಬೆರೆಸಿ. ಕಬ್ಬಿಣದ ಸ್ಪಿನ್‌ಗಳು ದೂರ ದೂರ, ಎಲ್ಲೆಂದರಲ್ಲಿ ಕೂತಿವೆ. ಅವು ಚಿನ್ನದ ಎಲೆಕ್ಟ್ರಾನ್‌ಗಳ ಮೂಲಕ ಮಾತಾಡುತ್ತವೆ. ಆ ಮಾತು ಅಂತರ ಬದಲಾದಂತೆ ಬದಲಾಗುತ್ತದೆ. ಒಂದು ಅಂತರದಲ್ಲಿ 'ನನ್ನ ಹಾಗೇ ನಿಲ್ಲು', ಇನ್ನೊಂದು ಅಂತರದಲ್ಲಿ 'ನನಗೆ ಎದುರಾಗಿ ನಿಲ್ಲು'. ಒಂದೇ ಸ್ಪಿನ್‌ಗೆ ಎರಡೂ ಅಪ್ಪಣೆ ಬರುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ. ಎಲ್ಲರನ್ನೂ ಮೆಚ್ಚಿಸುವ ಜೋಡಣೆ ಇಲ್ಲವೇ ಇಲ್ಲ. ಹೆಚ್ಚುಕಮ್ಮಿ ಸಮವಾಗಿ ಕೆಟ್ಟ ಜೋಡಣೆಗಳು ಮಾತ್ರ ಲೆಕ್ಕವಿಲ್ಲದಷ್ಟು.

ತಣ್ಣಗೆ ಮಾಡಿದಾಗ ಸ್ಪಿನ್‌ಗಳು ಹೆಪ್ಪುಗಟ್ಟುತ್ತವೆ, ಆದರೆ ಅಡ್ಡಾದಿಡ್ಡಿಯಾಗಿ. 1972ರಲ್ಲಿ ಕ್ಯಾನೆಲ್ಲಾ ಮತ್ತು ಮೈಡೋಶ್ ಇದೇ ಚಿನ್ನ–ಕಬ್ಬಿಣದಲ್ಲಿ ಒಂದು ವಿಚಿತ್ರ ಕಂಡರು. ಸಣ್ಣ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಗೆರೆ ಒಂದು ತಾಪಮಾನದಲ್ಲಿ ಚೂಪಾಗಿ ಮೊನೆಯಾಗುತ್ತದೆ. ಆದರೆ ಉಷ್ಣಧಾರಣೆ ಅಳೆದರೆ ಅಲ್ಲಿ ಚೂಪಾದದ್ದು ಏನೂ ಇಲ್ಲ, ಬರೀ ಒಂದು ಉಬ್ಬು.

ಹಾಗಾದರೆ ಇದನ್ನು ಕ್ರಮ ಅನ್ನಬಹುದೇ? 1975ರಲ್ಲಿ ಎಡ್ವರ್ಡ್ಸ್ ಮತ್ತು ಆಂಡರ್ಸನ್ ಚೆಂದದ ಉಪಾಯ ಹೂಡಿದರು. ಪಕ್ಕದವನ ಜೊತೆ ಹೋಲಿಸಬೇಡಿ, ಅದೇ ಸ್ಪಿನ್ ಅನ್ನು ತುಂಬಾ ಹೊತ್ತಿನ ನಂತರದ ಅದರ ಜೊತೆಗೇ ಹೋಲಿಸಿ. ಇನ್ನೂ ಅದೇ ದಿಕ್ಕು ನೆನಪಿದ್ದರೆ ಅದೇ ಕ್ರಮ. ಅದೇ ವರ್ಷ ಶೆರಿಂಗ್ಟನ್ ಮತ್ತು ಕರ್ಕ್‌ಪ್ಯಾಟ್ರಿಕ್ ಎಲ್ಲ ಸ್ಪಿನ್‌ಗಳೂ ಎಲ್ಲದರ ಜೊತೆ ಮಾತಾಡುವ ಸರಳ ಮಾದರಿ ಕೊಟ್ಟರು. ಸರಳ ಅಂದುಕೊಂಡದ್ದು ಸರಳವಾಗಿರಲಿಲ್ಲ. ಅದನ್ನು ಬಿಡಿಸಿದ್ದು ಪರೀಸಿ, 1979ರಿಂದ. ಆ ಉತ್ತರ ಸರಿ ಎಂಬ ಗಣಿತದ ಪೂರ್ತಿ ಸಾಧನೆ ಬಂದದ್ದು 2006ರಲ್ಲಿ, ತಲಾಗ್ರಾನ್ ಅವರಿಂದ. ಪರೀಸಿಗೆ ನೊಬೆಲ್ ಬಂದದ್ದು 2021ರಲ್ಲಿ.

ಗಾಜಿನ ಹೆಸರು ಸುಮ್ನೆ ಇಟ್ಟದ್ದಲ್ಲ. ಇದಕ್ಕೂ ವಯಸ್ಸಾಗುತ್ತದೆ. ತಣ್ಣಗೆ ಮಾಡಿ ಒಂದು ಗಂಟೆ ಕಾದ ತುಂಡು, ಹತ್ತು ಗಂಟೆ ಕಾದ ತುಂಡು ಬೇರೆ ಬೇರೆ ರೀತಿ ವರ್ತಿಸುತ್ತವೆ.

ದೋಷ ಹಾಕಿದರೆ ಕಾಂತ ಗಟ್ಟಿ ಆಗುತ್ತೆ ಅಂತಾರಲ್ಲ, ಯಾಕೆ?

ಕಾಂತದೊಳಗೆ ಬೇರೆ ಬೇರೆ ದಿಕ್ಕಿನ ವಲಯಗಳಿರುತ್ತವೆ, ನಡುವೆ ಗಡಿಗಳಿರುತ್ತವೆ. ಗಡಿ ಸರಿದಾಡಿದರೆ ಕಾಂತತ್ವ ಬದಲಾಗುತ್ತದೆ. ದೋಷಗಳು ಆ ಗಡಿಯನ್ನು ಮುಳ್ಳಿನ ಹಾಗೆ ಹಿಡಿದಿಡುತ್ತವೆ. ಹಾಗಾಗಿ ಕಾಂತತ್ವ ಸುಲಭವಾಗಿ ಬದಲಾಗುವುದಿಲ್ಲ, ಗಟ್ಟಿ ಕಾಂತ ಅನ್ನುವುದು ಇದಕ್ಕೇ. ಹೊರಗಿನ ಕ್ಷೇತ್ರ ಜಾಸ್ತಿಯಾದಾಗ ಗಡಿ ಒಂದು ಮುಳ್ಳಿನಿಂದ ಕಿತ್ತುಕೊಂಡು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. 1919ರಲ್ಲಿ ಬಾರ್ಕ್‌ಹೌಸೆನ್ ಈ ಕಿತ್ತಾಟವನ್ನು ಸುರುಳಿ ಮತ್ತು ಸ್ಪೀಕರ್ ಮೂಲಕ ಚಟಪಟ ಸದ್ದಾಗಿ ಕೇಳಿಸಿಕೊಂಡರು. ಕಬ್ಬಿಣದೊಳಗಿನ ಕೊಳೆ ಕಿವಿಗೆ ಕೇಳಿತು ಅಂದರೂ ತಪ್ಪಲ್ಲ.

### ಸೂಪರ್‌ಕಂಡಕ್ಟರ್‌ಗಳ ಬಗ್ಗೆ

ಎಲೆಕ್ಟ್ರಾನ್ ಕಲ್ಮಶಕ್ಕೆ ಡಿಕ್ಕಿ ಹೊಡೆಯುತ್ತೆ. ಹಾಗಿದ್ರೂ ರೋಧ ಶೂನ್ಯ ಹೇಗೆ?

ಡಿಕ್ಕಿ ಹೊಡೆಯುತ್ತದೆ, ನಿಜ. ಆದರೆ ಜೋಡಿ ಒಡೆಯುವುದಿಲ್ಲ. ಇದನ್ನು 1959ರಲ್ಲಿ ಆಂಡರ್ಸನ್ ವಿವರಿಸಿದ ರೀತಿ ಸೊಗಸು.

ಶುದ್ಧ ಹರಳಿನಲ್ಲಿ ಬಲಕ್ಕೆ ಓಡುವ ಎಲೆಕ್ಟ್ರಾನ್ ಎಡಕ್ಕೆ ಓಡುವ, ಎದುರು ಸ್ಪಿನ್‌ನ ಎಲೆಕ್ಟ್ರಾನ್ ಜೊತೆ ಜೋಡಿಯಾಗುತ್ತದೆ ಅಂತ ಪಾಠದಲ್ಲಿ ಹೇಳುತ್ತಾರೆ. ಕೊಳೆಯಾದ ಹರಳಿನಲ್ಲಿ ಬಲ, ಎಡ ಎಂಬುದಕ್ಕೆ ಅರ್ಥವೇ ಇಲ್ಲ, ಎಲೆಕ್ಟ್ರಾನ್ ಅಲೆ ಅಂಕುಡೊಂಕಾಗಿ ಹರಡಿರುತ್ತದೆ. ಆದರೇನಂತೆ? ಆ ಅಂಕುಡೊಂಕು ಅಲೆಯ ಚಲನಚಿತ್ರ ತೆಗೆದು ಹಿಂದುಮುಂದಾಗಿ ಓಡಿಸಿ. ಸಿಗುವ ಅಲೆಗೂ ಅಷ್ಟೇ ಶಕ್ತಿ. ಜೋಡಿಗೆ ಅದೇ ಸಾಕು. ಓಟ ನೇರವಾಗಿರಬೇಕೆಂದಿಲ್ಲ, ಕಾಲ ಹಿಂದುಮುಂದಾದರೂ ಲೆಕ್ಕ ಕೂಡಿಬರಬೇಕು ಅಷ್ಟೇ. ಸ್ಪಿನ್ ಇಲ್ಲದ ಕಲ್ಮಶ ಈ ಸಮತೆಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸೀಸ, ಅಲ್ಯೂಮಿನಿಯಂಗಳಂಥ ಮಾಮೂಲಿ ಸೂಪರ್‌ಕಂಡಕ್ಟರ್‌ಗಳ ಸಂಕ್ರಮಣ ತಾಪಮಾನ, ಅಂದರೆ ಅವು ಸೂಪರ್‌ಕಂಡಕ್ಟರ್ ಆಗುವ ತಾಪಮಾನ, ಇಂಥ ಕೊಳೆಯಿಂದ ಹೆಚ್ಚೇನೂ ಕದಲುವುದಿಲ್ಲ.

ಹಾಗಾದ್ರೆ ಗ್ಯಾಡೊಲಿನಿಯಂ ಚಿಟಿಕೆಯಷ್ಟು ಬಿದ್ದರೆ ಎಲ್ಲ ಹಾಳಾಗೋದ್ಯಾಕೆ?

ಅದಕ್ಕೆ ಸ್ಪಿನ್ ಇದೆ. ಲ್ಯಾಂಥನಂ ಲೋಹಕ್ಕೆ ಶೇಕಡಾ 1ರ ಆಸುಪಾಸು ಗ್ಯಾಡೊಲಿನಿಯಂ ಸೇರಿಸಿದರೆ ಅದರ ಸೂಪರ್‌ಕಂಡಕ್ಟಿವಿಟಿ ಮುಗಿದೇ ಹೋಗುತ್ತದೆ. ಇದನ್ನು ಮಥಿಯಾಸ್, ಸೂಲ್, ಕೊರೆನ್ಸ್‌ವಿಟ್ 1958ರಲ್ಲಿ ತೋರಿಸಿದರು. ಹಿಂದುಮುಂದಾಗಿ ಓಡಿಸಿದ ಚಿತ್ರದಲ್ಲಿ ಎಲೆಕ್ಟ್ರಾನ್‌ನ ಸ್ಪಿನ್ ತಿರುಗುತ್ತದೆ, ಆದರೆ ಗ್ಯಾಡೊಲಿನಿಯಂನ ಸ್ಪಿನ್ ಇದ್ದ ಹಾಗೇ ಇರುತ್ತದೆ. ಜೋಡಿಯಲ್ಲಿ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು. ಜೋಡಿ ಒಡೆಯುತ್ತದೆ.

ಅಬ್ರಿಕೊಸೊವ್ ಮತ್ತು ಗೋರ್ಕೊವ್ 1960ರಲ್ಲಿ ಇದರ ಪೂರ್ತಿ ಲೆಕ್ಕ ಹಾಕಿದರು. ಅದರಲ್ಲಿ ಒಂದು ಅಚ್ಚರಿ ಇತ್ತು. ಸೂಪರ್‌ಕಂಡಕ್ಟಿವಿಟಿ ಸಾಯುವ ಸ್ವಲ್ಪ ಮೊದಲು ಜೋಡಿ ಒಡೆಯಲು ಬೇಕಾದ ಕನಿಷ್ಠ ಶಕ್ತಿಯ ಅಂತರ, ಅಂದರೆ ಗ್ಯಾಪ್, ಮುಚ್ಚಿಹೋಗುತ್ತದೆ. ಆದರೂ ರೋಧ ಶೂನ್ಯವೇ! ಗ್ಯಾಪ್ ಇದ್ದರಷ್ಟೇ ಸೂಪರ್‌ಕಂಡಕ್ಟರ್ ಎಂದು ಕಲಿಸುವುದು ಅರ್ಧ ಸತ್ಯ. ಒಂಟಿ ಕಾಂತ ಪರಮಾಣುವಿನ ಸುತ್ತ ಗ್ಯಾಪ್ ಒಳಗೆ ಹೊಸ ಸ್ಥಿತಿಗಳು ಹುಟ್ಟುತ್ತವೆ ಅಂತ 1960ರ ದಶಕದಲ್ಲಿ ಯು, ಶಿಬಾ, ರುಸಿನೊವ್ ಬೇರೆ ಬೇರೆಯಾಗಿ ಹೇಳಿದ್ದರು. 1997ರಲ್ಲಿ ನಿಯೋಬಿಯಂ ಮೇಲೆ ಒಂದೊಂದೇ ಪರಮಾಣು ಇಟ್ಟು ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿದರು.

ಸತುವಿಗೆ ಸ್ಪಿನ್ ಇಲ್ಲ. ಕ್ಯುಪ್ರೇಟ್‌ಗಳಲ್ಲಿ ಅದು ಯಾಕೆ ಅಷ್ಟು ಕಾಟ ಕೊಡುತ್ತೆ?

ಕ್ಯುಪ್ರೇಟ್ ಅಂದರೆ ಮೇಲೆ ನೋಡಿದಂಥ ತಾಮ್ರದ ಆಕ್ಸೈಡ್ ವಸ್ತುಗಳು. ಅಲ್ಲಿನ ಜೋಡಿಯೇ ಬೇರೆ ಥರ. ಮಾಮೂಲಿ ಸೂಪರ್‌ಕಂಡಕ್ಟರ್‌ನಲ್ಲಿ ಎಲ್ಲ ದಿಕ್ಕಿಗೂ ಜೋಡಿಯ ಚಿಹ್ನೆ ಒಂದೇ. ಕ್ಯುಪ್ರೇಟ್‌ಗಳಲ್ಲಿ ಒಂದು ದಿಕ್ಕಿಗೆ ಕೂಡು, ಅದಕ್ಕೆ ಲಂಬವಾಗಿ ಕಳೆ. ಡಿಕ್ಕಿ ಹೊಡೆದ ಎಲೆಕ್ಟ್ರಾನ್ ಈ ದಿಕ್ಕಿನಿಂದ ಆ ದಿಕ್ಕಿಗೆ ಚಿಮ್ಮುತ್ತದೆ. ಕೂಡು, ಕಳೆ ಬೆರೆತರೆ ಉಳಿಯುವುದು ಸೊನ್ನೆ. ಇಲ್ಲಿ ಡಿಕ್ಕಿಯೇ ಶತ್ರು, ಸ್ಪಿನ್ ಇರಲಿ ಬಿಡಲಿ.

ಇನ್ನೂ ಸೂಕ್ಷ್ಮ ಸ್ವಭಾವದ್ದು ಸ್ಟ್ರಾಂಷಿಯಂ ರುಥೆನೇಟ್. ಅತಿ ಶುದ್ಧ ಹರಳು 1.5 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್. ತಣ್ಣಗಿದ್ದಾಗ ಉಳಿಯುವ ರೋಧಕತೆ ಸುಮಾರು 1 ಮೈಕ್ರೋಓಮ್ ಸೆಂಟಿಮೀಟರ್ ದಾಟಿದರೆ ಏನೂ ಇಲ್ಲ. ಮಾಮೂಲಿ ಲೋಹದ ಅಳತೆಯಲ್ಲಿ ಅದು ಶುದ್ಧ ಅಂತಲೇ ಲೆಕ್ಕ. ಇದು ಮಾಮೂಲಿ ಜೋಡಿ ಅಲ್ಲ ಅನ್ನುವುದಕ್ಕೆ 1998ರಲ್ಲಿ ಸಿಕ್ಕ ಒಳ್ಳೆ ಸುಳಿವು ಇದೇ. ಆ ಜೋಡಿ ನಿಖರವಾಗಿ ಯಾವ ಥರ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಎಂಆರ್‌ಐ ತಂತಿಗೆ ಬೇಕಂತಲೇ ದೋಷ ಹಾಕ್ತಾರೆ ಅನ್ನೋದು ನಿಜಾನಾ?

ನಿಜ. ಎಂಆರ್‌ಐ ಯಂತ್ರದ ಕಾಂತ ಸೂಪರ್‌ಕಂಡಕ್ಟರ್ ತಂತಿಯ ಸುರುಳಿ. ದೋಷ ಇಲ್ಲದಿದ್ದರೆ ಆ ತಂತಿ ಕೆಲಸಕ್ಕೆ ಬಾರದು.

ಬಲವಾದ ಕಾಂತಕ್ಷೇತ್ರ ಇಂಥ ಸೂಪರ್‌ಕಂಡಕ್ಟರ್ ಒಳಗೆ ಸಣ್ಣ ಸಣ್ಣ ಸುಳಿಗಳಾಗಿ ನುಗ್ಗುತ್ತದೆ. ಪ್ರತಿ ಸುಳಿಯಲ್ಲೂ ಕಾಂತಹರಿವು ಒಂದೇ ಅಳತೆ, ಸುಮಾರು 2.07 × 10⁻¹⁵ ವೆಬರ್. 1 ಟೆಸ್ಲಾ ಕ್ಷೇತ್ರದಲ್ಲಿ ಸುಳಿಯಿಂದ ಸುಳಿಗೆ ಸುಮಾರು 50 ನ್ಯಾನೋಮೀಟರ್ ಅಂತರ. ತಂತಿಯಲ್ಲಿ ಕರೆಂಟ್ ಹರಿದರೆ ಅದು ಸುಳಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಸುಳಿ ಸರಿದರೆ ಶಕ್ತಿ ಸೋರುತ್ತದೆ, ಅಂದರೆ ರೋಧ ಮತ್ತೆ ಹಾಜರ್. ಹರಳು ಎಷ್ಟು ಶುದ್ಧವೋ ಸುಳಿ ಅಷ್ಟು ಸಲೀಸಾಗಿ ಜಾರುತ್ತದೆ.

ಪ್ರತಿ ಸುಳಿಯ ತಿರುಳಿನಲ್ಲಿ ಹೇಗೂ ಸೂಪರ್‌ಕಂಡಕ್ಟಿವಿಟಿ ಸತ್ತಿರುತ್ತದೆ. ಮೊದಲೇ ಸತ್ತ ಜಾಗ ಸಿಕ್ಕರೆ ಅಲ್ಲೇ ಕೂರುವುದು ಅದಕ್ಕೆ ಲಾಭ. ನಿಯೋಬಿಯಂ–ಟೈಟಾನಿಯಂ ತಂತಿಯನ್ನು ಕಾಯಿಸಿ, ಎಳೆದು, ಮತ್ತೆ ಕಾಯಿಸಿ, ಟೈಟಾನಿಯಂನ ಕೆಲವೇ ನ್ಯಾನೋಮೀಟರ್ ದಪ್ಪದ ಪಟ್ಟಿಗಳು ಒಳಗೆ ಬೆಳೆಯುವಂತೆ ಮಾಡುತ್ತಾರೆ. ಸುಳಿಯ ತಿರುಳಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಇಂಥ ತಂತಿ 4.2 ಕೆಲ್ವಿನ್, 5 ಟೆಸ್ಲಾದಲ್ಲಿ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತಕ್ಕೆ ಸುಮಾರು 3000 ಆಂಪಿಯರ್ ಹೊರುತ್ತದೆ. ಸರ್ನ್ ಪ್ರಯೋಗಾಲಯದ ದೊಡ್ಡ ಕಣ ವೇಗವರ್ಧಕದ 8.3 ಟೆಸ್ಲಾ ಕಾಂತಗಳಲ್ಲೂ ಇದೇ ಮಿಶ್ರಲೋಹ.

### ಇನ್ನೂ ಆಳಕ್ಕೆ

ಕೊಳೆ ಜಾಸ್ತಿ ಮಾಡ್ತಾನೇ ಹೋದ್ರೆ ಆಂಡರ್ಸನ್ ಮಾತು ಎಲ್ಲಿಯವರೆಗೆ ನಿಲ್ಲುತ್ತೆ?

ಎಲೆಕ್ಟ್ರಾನ್ ಅಲೆಗಳೇ ಒಂದೊಂದು ಮೂಲೆಯಲ್ಲಿ ಸಿಕ್ಕಿಬೀಳುವ ತನಕ. ಹಾಗೆ ಸಿಕ್ಕಿಬೀಳುತ್ತವೆ ಅಂತ 1958ರಲ್ಲಿ ಹೇಳಿದವರೂ ಅದೇ ಆಂಡರ್ಸನ್. ತೆಳು ಪದರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1989ರಲ್ಲಿ ಹ್ಯಾವಿಲೆಂಡ್, ಲಿಯು, ಗೋಲ್ಡ್‌ಮನ್ ಬಿಸ್ಮತ್ ಪದರವನ್ನು ಒಂಚೂರು ಒಂಚೂರೇ ದಪ್ಪ ಮಾಡುತ್ತಾ ಅಳೆದರು. ತೀರಾ ತೆಳುವಾದದ್ದು ತಣ್ಣಗಾದಂತೆ ಇನ್ಸುಲೇಟರ್ ಆಗುತ್ತದೆ, ದಪ್ಪದ್ದು ಸೂಪರ್‌ಕಂಡಕ್ಟರ್. ಎರಡನ್ನೂ ಬೇರೆ ಮಾಡುವ ಗೆರೆ, ಪದರದ ಒಂದು ಚೌಕ ತುಂಡಿನ ರೋಧ ಸುಮಾರು 6.45 ಕಿಲೋಓಮ್ ಆಗುವಲ್ಲಿ. ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಚಾರ್ಜ್‌ನ ವರ್ಗದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಬೇರೆ ವಸ್ತುಗಳಲ್ಲಿ ಈ ಗೆರೆ ಅಷ್ಟು ಕರಾರುವಾಕ್ಕಾಗಿ ಅಲ್ಲೇ ಬೀಳುವುದಿಲ್ಲ.

ಗಡಿಯ ಹತ್ತಿರ ಜೋಡಿಗಳು ಸಮವಾಗಿ ಹರಡಿರುವುದಿಲ್ಲ. ದ್ವೀಪ ದ್ವೀಪವಾಗಿ ಗುಂಪುಗೂಡುತ್ತವೆ ಅಂತ 1998ರಲ್ಲಿ ಘೋಸಲ್, ರಾಂಡೇರಿಯಾ, ತ್ರಿವೇದಿ ಲೆಕ್ಕದಿಂದ ತೋರಿಸಿದರು. ಟೈಟಾನಿಯಂ ನೈಟ್ರೈಡ್, ನಿಯೋಬಿಯಂ ನೈಟ್ರೈಡ್ ಪದರಗಳಲ್ಲಿ ರೋಧ ಮರಳಿ ಬಂದ ಮೇಲೂ ಗ್ಯಾಪ್‌ನ ನೆರಳು ಉಳಿದಿರುತ್ತದೆ. ಜೋಡಿ ಇದೆ, ತಾಳ ಇಲ್ಲ.

ಎಷ್ಟೇ ಸಣ್ಣ ಕೊಳೆಯೂ ಕ್ರಮವನ್ನು ಮುರಿಯಬಲ್ಲುದಾ?

ಕೆಲವೊಮ್ಮೆ ಹೌದು. ಇದು 1975ರ ಇಮ್ರಿ–ಮಾ ವಾದ. ಪ್ರತಿ ಜಾಗದಲ್ಲೂ ಒಂದು ಸಣ್ಣ ಕ್ಷೇತ್ರ ಸ್ಪಿನ್ ಅನ್ನು ಮನಸ್ಸಿಗೆ ಬಂದ ಕಡೆ ತಳ್ಳುತ್ತದೆ ಅಂದುಕೊಳ್ಳಿ. L ಅಗಲದ ಒಂದು ಗುಂಪು ಬೇಲಿ ಹಾಕಿಕೊಂಡು ತಿರುಗಿ ನಿಲ್ಲಬೇಕೇ? ಸ್ಪಿನ್‌ಗೆ ಮೇಲೆ, ಕೆಳಗೆ ಎಂಬ ಎರಡೇ ದಾರಿ ಇದ್ದರೆ ಬೇಲಿಯ ಖರ್ಚು ಮೂರು ಆಯಾಮದಲ್ಲಿ Lನ ವರ್ಗದಷ್ಟು. ಯಾದೃಚ್ಛಿಕ ಕ್ಷೇತ್ರದಿಂದ ಬರುವ ಲಾಭ ಗುಂಪಿನ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ Lನ ಒಂದೂವರೆ ಘಾತ. ದೊಡ್ಡ ಗುಂಪಿಗೆ ಖರ್ಚೇ ಜಾಸ್ತಿ, ಕ್ರಮ ಉಳಿಯುತ್ತದೆ. ಎರಡು ಆಯಾಮದಲ್ಲಿ ಲಾಭ, ಖರ್ಚು ಎರಡೂ Lನಷ್ಟೇ. ಅಲ್ಲಿ ಕೊಳೆಯೇ ಗೆಲ್ಲುತ್ತದೆ, ಎಷ್ಟೇ ಸಣ್ಣದಾಗಿದ್ದರೂ. ಸ್ಪಿನ್ ಯಾವ ದಿಕ್ಕಿಗಾದರೂ ನಿಧಾನ ತಿರುಗಬಲ್ಲುದಾದರೆ ಬೇಲಿ ಇನ್ನೂ ಅಗ್ಗ, ಮೂರು ಆಯಾಮದಲ್ಲೂ ಕ್ರಮ ಉಳಿಯದು.

ಇಷ್ಟು ಅಪಾಯ ಇದ್ದೂ ಲೋಕದಲ್ಲಿ ಕಾಂತಗಳು ಹೇಗೆ ಉಳಿದಿವೆ? ಸ್ಪಿನ್ ಇಲ್ಲದ ಕಲ್ಮಶ 'ಮೇಲೆ ನೋಡು' ಅಂತ ಹೇಳಲಾರದು, ಕಾಲ ಹಿಂದುಮುಂದಾದರೂ ಲೆಕ್ಕ ಕೂಡಿಬರಬೇಕೆಂಬ ಸಮತೆ ಅದಕ್ಕೆ ಅಡ್ಡ. ಅದು ನೆರೆಹೊರೆಯ ನಂಟನ್ನು ಸಡಿಲ ಮಾಡಬಹುದು ಅಷ್ಟೇ. ಸೂಪರ್‌ಕಂಡಕ್ಟರ್‌ನ ಫೇಸ್ ಇನ್ನೂ ಭದ್ರ: ಇಂಥ ಫೇಸ್ ಹಿಡಿ ಎಂದು ಹೇಳುವ ಅಧಿಕಾರ ಯಾವ ಕಲ್ಮಶಕ್ಕೂ ಇಲ್ಲ. ಆದರೆ ಸುಳಿಗಳ ಜಾಲರಿಗೆ ಆ ರಕ್ಷಣೆ ಇಲ್ಲ. ಅದರ ನೇರ ಸಾಲು ಉಳಿಯದು ಅಂತ ಲಾರ್ಕಿನ್ 1970ರಲ್ಲೇ ಹೇಳಿದ್ದರು.

ಸತು ಹಾಕಿದ ಮೇಲೆಯೇ ಕ್ರಮ ಹುಟ್ಟಿದ ಉದಾಹರಣೆ ಇದೆಯಾ?

ಇದೆ, ತಾಮ್ರದ ಜರ್ಮನೇಟ್. ಶುದ್ಧವಾಗಿದ್ದಾಗ ಸುಮಾರು 14 ಕೆಲ್ವಿನ್ ಕೆಳಗೆ ಅದರ ಸ್ಪಿನ್‌ಗಳು ಇಬ್ಬಿಬ್ಬರಾಗಿ ಕೈಹಿಡಿದು ಸುಮ್ಮನಾಗುತ್ತವೆ. ಉದ್ದಕ್ಕೂ ಹಬ್ಬಿದ ಕಾಂತಕ್ರಮ ಏನೂ ಇಲ್ಲ. ಸತು ಒಂದು ತಾಮ್ರದ ಜಾಗ ಹಿಡಿದರೆ ಅದರ ಜೊತೆಗಾರ ಒಂಟಿಯಾಗುತ್ತಾನೆ. ಆ ಒಂಟಿ ಸ್ಪಿನ್‌ಗಳು ನಡುವಿನ ಜೋಡಿಗಳ ಮೂಲಕವೇ ಒಂದನ್ನೊಂದು ಪತ್ತೆ ಹಚ್ಚಿ, ಕೆಲವು ಕೆಲ್ವಿನ್‌ನಲ್ಲಿ ಆಂಟಿಫೆರೋಮ್ಯಾಗ್ನೆಟ್ ಆಗಿ ನಿಲ್ಲುತ್ತವೆ.

ಕೈಯಲ್ಲಿರೋ ಹರಳು ಎಷ್ಟು ಕೊಳೆ ಅಂತ ಅಳೆಯೋದು ಹೇಗೆ?

ಲೋಹವಾದರೆ ಕೋಣೆಯ ತಾಪಮಾನದಲ್ಲಿ ರೋಧ ಅಳೆಯಿರಿ, ದ್ರವ ಹೀಲಿಯಂನಲ್ಲಿ ಮತ್ತೆ ಅಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ತಣ್ಣಗಾದಾಗ ಶಾಖದ ಅಲುಗಾಟ ಹೋಗಿ ಕೊಳೆಯ ಪಾಲು ಮಾತ್ರ ಉಳಿಯುತ್ತದೆ. ಅನುಪಾತ ನೂರಾರು ಬಂದರೆ ಖುಷಿಪಡಿ, ಎರಡು ಮೂರು ಬಂದರೆ ಮಿಶ್ರಲೋಹದ ಮಟ್ಟ. ವಸ್ತು ಅಷ್ಟರಲ್ಲೇ ಸೂಪರ್‌ಕಂಡಕ್ಟರ್ ಆಗಿಬಿಟ್ಟರೆ ಅದಕ್ಕಿಂತ ತುಸು ಮೇಲೆ ಅಳೆಯಬೇಕು.

ಆದರೆ ಈ ಸಂಖ್ಯೆ ಕೊಳೆ ಎಷ್ಟು ಅಂತ ಮಾತ್ರ ಹೇಳುತ್ತದೆ, ಯಾವ ಥರ ಅಂತ ಹೇಳದು. ಕೊಳೆ ಸೂಪರ್‌ಕಂಡಕ್ಟರ್‌ನ ಜೋಡಿಯನ್ನು ಮುಟ್ಟುತ್ತದೆಯೇ ಅಂತಲೂ ಹೇಳದು. ಅದನ್ನು ತಿಳಿಯಲು ಒಂದೇ ಹರಳಿಗೆ ವೇಗದ ಎಲೆಕ್ಟ್ರಾನ್‌ಗಳಿಂದ ಸ್ವಲ್ಪ ಸ್ವಲ್ಪವೇ ಹೊಡೆದು, ಪ್ರತಿ ಸಲವೂ ಸಂಕ್ರಮಣ ತಾಪಮಾನ ಅಳೆಯುವವರಿದ್ದಾರೆ. ಹೊಡೆತಕ್ಕೆ ಪರಮಾಣುಗಳು ಜಾಗ ಬಿಡುತ್ತವೆ, ಹೊಸ ಸ್ಪಿನ್ ಬೆರಕೆ ಸೇರುವುದಿಲ್ಲ. ತಾಪಮಾನ ಹೆಚ್ಚೇನೂ ಕದಲದಿದ್ದರೆ ಜೋಡಿಗೆ ಎಲ್ಲ ದಿಕ್ಕಿಗೂ ಒಂದೇ ಚಿಹ್ನೆ ಇರಬೇಕು. ದಡದಡನೆ ಇಳಿದರೆ ಚಿಹ್ನೆ ಎಲ್ಲೋ ಬದಲಾಗುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.